ವೈಫೈ ಇದೆ, ನೆಟ್ ಇಲ್ಲ: ದಾರಿ ಎಲ್ಲಿ ಕಡಿದಿದೆ ಎಂದು ಹುಡುಕುವ ಬಗೆ

ಕಳೆದ ಮಳೆಗಾಲದಲ್ಲಿ ಒಂದು ಶನಿವಾರ ಸಂಜೆ ಪಕ್ಕದ ಮನೆಯ ಅತ್ತಿಗೆ ಟಾರ್ಚ್ ಹಿಡಿದುಕೊಂಡು ಬಂದರು. "ಭಾವ, ವೈಫೈ ಫುಲ್ ತೋರಿಸ್ತಿದೆ, ಆದ್ರೆ ಏನೂ ಓಪನ್ ಆಗ್ತಿಲ್ಲ. ಮಗಳಿಗೆ ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಇಂಟರ್‌ವ್ಯೂ ಇದೆ, ಒಂಚೂರು ಬಂದು ನೋಡ್ತೀರಾ?"

ಹೋಗಿ ನೋಡಿದೆ. ಫೋನಿನಲ್ಲಿ ವೈಫೈ ಬೀಸಣಿಗೆ ಪೂರ್ತಿ ತುಂಬಿತ್ತು, ಅದರ ಮಗ್ಗುಲಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ. ನೆಟ್ ಡಬ್ಬಿಯ ಪಕ್ಕ ಮೇಜಿನ ಮೇಲೆ ಸೇಫ್ಟಿ ಪಿನ್ ಒಂದು ಬಾಯಿ ತೆರೆದುಕೊಂಡು ಬಿದ್ದಿತ್ತು. ಅದನ್ನು ಕಂಡ ಕೂಡಲೇ ನನ್ನ ಎದೆ ಧಸಕ್ಕೆಂದಿತು. ಯಾರೋ ಹೇಳಿದರೆಂದು ಡಬ್ಬಿಯ ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿ ಹಿಡಿದಿದ್ದರು.

ನಿಜವಾಗಿ ಆಗಿದ್ದು ಇಷ್ಟು: ಕೆಳಗಿನ ತಿರುವಿನಲ್ಲಿ ಕೊಂಬೆ ಬಿದ್ದು ಲೈನು ಹರಿದಿತ್ತು. ಕೇಬಲ್‌ನವರು ರಾತ್ರಿ ಎಂಟೂವರೆಗೆ ಜೋಡಿಸಿದರು. ಸಾಲಿನ ಎಲ್ಲ ಮನೆಗಳಿಗೂ ನೆಟ್ ಬಂತು, ಈ ಮನೆಗೆ ಮಾತ್ರ ಬರಲಿಲ್ಲ. ಆ ಪಿನ್ನಿನಿಂದಾಗಿ ಡಬ್ಬಿಯೊಳಗಿದ್ದ ಯೂಸರ್‌ನೇಮ್, ಪಾಸ್‌ವರ್ಡ್, ವಿಎಲ್ಎಎನ್ ನಂಬರ್ (ಕೇಬಲ್‌ನವರು ಲೈನಿಗೆ ಕೊಟ್ಟಿರುವ ಗುರುತಿನ ಸಂಖ್ಯೆ) ಎಲ್ಲ ಅಳಿಸಿಹೋಗಿದ್ದವು. ಭಾನುವಾರ ಯಾರೂ ಫೋನ್ ಎತ್ತಲಿಲ್ಲ. ಹುಡುಗಿ ನಮ್ಮ ಮನೆ ಜಗಲಿಯಲ್ಲಿ ಕೂತು ಇಂಟರ್‌ವ್ಯೂ ಕೊಟ್ಟಳು. ಎರಡು ತಾಸಿನಲ್ಲಿ ತಾನಾಗಿಯೇ ಸರಿಹೋಗಬೇಕಿದ್ದ ತೊಂದರೆ ಎರಡು ದಿನ ಎಳೆಯಿತು.

ಅದಕ್ಕೇ ಈ ಬರಹ. ನೆಟ್ ಹೋದಾಗ ಏನನ್ನೂ ಬದಲಿಸುವ ಮೊದಲು, ಎಲ್ಲಿ ಹೋಗಿದೆ ಎಂದು ತಿಳಿದುಕೊಳ್ಳಿ. ತಿಳಿದುಕೊಳ್ಳುವುದಕ್ಕೆ ಹತ್ತು ನಿಮಿಷ ಸಾಕು. ಇಂಜಿನಿಯರಿಂಗ್ ಓದಿರಬೇಕೆಂದೇನೂ ಇಲ್ಲ.

ವೈಫೈ ಬೇರೆ, ಇಂಟರ್‌ನೆಟ್ ಬೇರೆ

ಫೋನಿನಿಂದ ಹೊರಟ ಒಂದು ಕೋರಿಕೆ ಹೋಗುವ ದಾರಿ ಹೀಗಿದೆ. ಫೋನಿನಿಂದ ಗಾಳಿಯಲ್ಲಿ ರೂಟರಿಗೆ. ರೂಟರಿನಿಂದ ಫೈಬರ್ ಬಂದು ಸೇರುವ ಓಎನ್‌ಯು ಡಬ್ಬಿಗೆ; ಈಗೀಗ ಎರಡೂ ಒಂದೇ ಡಬ್ಬಿಯಲ್ಲಿ ಇರುತ್ತವೆ. ಅಲ್ಲಿಂದ ಗಾಜಿನ ಎಳೆಯಲ್ಲಿ ಬೆಳಕಾಗಿ ಕಂಬದ ಮೇಲಿನ ಸ್ಪ್ಲಿಟರಿಗೆ, ಸ್ಪ್ಲಿಟರಿನಿಂದ ಕೇಬಲ್‌ನವರ ಆಫೀಸಿನ ಓಎಲ್‌ಟಿ ಯಂತ್ರಕ್ಕೆ, ಆಮೇಲೆ ಹೊರಜಗತ್ತಿಗೆ. ಬೀಸಣಿಗೆಯ ಗುರುತು ತೋರಿಸುವುದು ಈ ದಾರಿಯ ಮೊದಲ ಹೆಜ್ಜೆಯನ್ನು ಮಾತ್ರ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಅಂಗಳದವರೆಗೆ ದಾರಿ ಚೆನ್ನಾಗಿದೆ, ಆಚೆಗಿನ ಕಾಲುಸಂಕ ಕೊಚ್ಚಿಹೋಗಿದೆ.

"ಇಂಟರ್‌ನೆಟ್ ಇಲ್ಲ" ಎಂದು ಫೋನಿಗೆ ಗೊತ್ತಾಗುವುದು ಹೇಗೆ? ಆಂಡ್ರಾಯ್ಡ್ ಫೋನು ವೈಫೈಗೆ ಸೇರಿದ ಕೂಡಲೇ ಗೂಗಲ್‌ನ ಒಂದು ವಿಳಾಸಕ್ಕೆ ಸಣ್ಣ ಕೋರಿಕೆ ಕಳಿಸುತ್ತದೆ. 204 ಎಂಬ ಸಂಕೇತದ ಖಾಲಿ ಉತ್ತರ ಬಂದರೆ ನೆಟ್ ಇದೆ ಎಂದು ಲೆಕ್ಕ, ಬಾರದಿದ್ದರೆ ಆಶ್ಚರ್ಯಸೂಚಕ. ವಿಂಡೋಸ್, ಐಫೋನ್‌ಗಳೂ ತಮ್ಮ ತಮ್ಮ ಕಂಪನಿಯ ವಿಳಾಸ ಕೇಳಿ ಇದೇ ಪರೀಕ್ಷೆ ಮಾಡುತ್ತವೆ. ಅಪರೂಪಕ್ಕೆ ಆ ಒಂದು ವಿಳಾಸಕ್ಕೆ ಮಾತ್ರ ಅಡ್ಡಿಯಾಗಿ, ಮಿಕ್ಕೆಲ್ಲ ಕೆಲಸ ಮಾಡುತ್ತಿದ್ದರೂ "ನೋ ಇಂಟರ್‌ನೆಟ್" ಎಂದು ಬರುವುದುಂಟು. ಹಾಗಾಗಿ ಗುರುತು ನೋಡಿ ಗಾಬರಿಯಾಗುವ ಮೊದಲು ಬ್ರೌಸರಿನಲ್ಲಿ ಒಂದೆರಡು ತಾಣಗಳನ್ನು ತೆರೆದು ನೋಡಿ.

ನೋಡುವಾಗ ಮೊಬೈಲ್ ಡೇಟಾ ಆಫ್ ಮಾಡಿರಿ. ಇದನ್ನು ಮರೆತರೆ ಪರೀಕ್ಷೆಯೆಲ್ಲ ದಂಡ. ವೈಫೈಯಲ್ಲಿ ನೆಟ್ ಇಲ್ಲವೆಂದು ಕಂಡ ಫೋನು ಸದ್ದಿಲ್ಲದೆ ಸಿಮ್ಮಿನ ಡೇಟಾಗೆ ಹೋಗಿಬಿಡುತ್ತದೆ, ನಾವು "ಬಂತು ಬಂತು" ಎನ್ನುತ್ತೇವೆ.

ಒಂದೇ ಫೋನಿಗೋ, ಎಲ್ಲದಕ್ಕೂ?

ಮನೆಯ ಎರಡನೇ ಫೋನು, ಟಿವಿ, ಲ್ಯಾಪ್‌ಟಾಪ್, ಯಾವುದಾದರೂ ಸರಿ, ಇನ್ನೊಂದರಲ್ಲಿ ನೋಡಿ. ಒಂದರಲ್ಲಿ ಬರುತ್ತಿದೆ, ಇನ್ನೊಂದರಲ್ಲಿ ಇಲ್ಲ ಎಂದಾದರೆ ಲೈನು, ಓಎನ್‌ಯು, ರೀಚಾರ್ಜ್ ಎಲ್ಲವೂ ಸರಿಯಿವೆ. ಅವುಗಳ ತಂಟೆಗೆ ಹೋಗಬೇಡಿ. ಇಂಥ ಒಂಟಿ ತೊಂದರೆಗಳನ್ನು ಮುಂದೆ ಹೇಳುತ್ತೇನೆ. ಯಾವುದರಲ್ಲೂ ಇಲ್ಲ ಎಂದಾದರೆ ಡಬ್ಬಿಯ ಹತ್ತಿರ ಹೋಗಿ.

ಲೈಟುಗಳು ಹೇಳುವ ಮಾತು

ನನ್ನ ಅನುಭವದಲ್ಲಿ ಅರ್ಧಕ್ಕರ್ಧ ತೊಂದರೆಗಳ ಜಾಗ ಗೊತ್ತಾಗುವುದು ಇಲ್ಲಿಯೇ. ಆದರೂ ಡಬ್ಬಿಯನ್ನು ಟಿವಿಯ ಹಿಂದೆ ಬಚ್ಚಿಟ್ಟು, ಅದರ ಮೇಲೊಂದು ಕಸೂತಿ ಬಟ್ಟೆ ಹೊದಿಸಿರುತ್ತೇವೆ. ಬಟ್ಟೆ ತೆಗೆಯಿರಿ, ಬಿಸಿಯೂ ಕಡಿಮೆಯಾಗುತ್ತದೆ.

ಮೊದಲು ನೋಡಬೇಕಾದದ್ದು ಪವರ್ ಲೈಟ್. ಅದು ಉರಿಯುತ್ತಿದೆ ಎಂದ ಮಾತ್ರಕ್ಕೆ ಅಡಾಪ್ಟರ್ ಸರಿಯಿದೆ ಎನ್ನುವಂತಿಲ್ಲ. ಹಳೆಯ ಅಡಾಪ್ಟರು ದೀಪ ಹೊತ್ತಿಸುವಷ್ಟು ಕರೆಂಟ್ ಕೊಡುತ್ತದೆ. ನಾಲ್ಕು ಜನ ವಿಡಿಯೋ ಹಾಕಿ ಡಬ್ಬಿಗೆ ಕೆಲಸ ಹೆಚ್ಚಾದಾಗ ಸೋಲುತ್ತದೆ. ಎಲ್ಲ ಲೈಟುಗಳೂ ಒಮ್ಮೆಲೇ ಆರಿ ಮತ್ತೆ ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದರೆ ಲೈನಿನ ಮೇಲೆ ಅನುಮಾನ ಬೇಡ, ಅಡಾಪ್ಟರ್ ಬದಲಿಸಿ. ಬದಲಿಸುವಾಗ ಡಬ್ಬಿಯ ತಳದ ಚೀಟಿಯಲ್ಲಿರುವ ವೋಲ್ಟ್ ಅಷ್ಟೇ ಇರಬೇಕು. 12 ವೋಲ್ಟ್ ಎಂದಿದ್ದರೆ 12. ಆಂಪಿಯರ್ ಮಾತ್ರ ಅಷ್ಟೇ ಅಥವಾ ಹೆಚ್ಚು ಇರಬಹುದು, ಕಡಿಮೆ ಇರಬಾರದು. ಪಿನ್ ಹೊಂದುತ್ತದೆಂದು ಹಳೆಯ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಸಿಕ್ಕಿಸಿ ಡಬ್ಬಿ ಸುಟ್ಟುಕೊಂಡವರನ್ನು ಕಂಡಿದ್ದೇನೆ.

ಆಮೇಲೆ ಫೈಬರ್ ಸಂಪರ್ಕ ತೋರಿಸುವ ಪಿಒಎನ್ (PON) ಎಂಬ ಲೈಟ್, ಬೆಳಕು ತಪ್ಪಿದಾಗ ಹೊತ್ತುವ ಎಲ್‌ಒಎಸ್ (LOS) ಎಂಬ ಲೈಟ್. ಪಿಒಎನ್ ಹಸಿರಾಗಿ ಅಲುಗಾಡದೆ ಉರಿಯುತ್ತಿದ್ದು ಎಲ್‌ಒಎಸ್ ಆರಿದ್ದರೆ ಫೈಬರ್ ಚೆನ್ನಾಗಿದೆ, ನಿಮ್ಮ ಡಬ್ಬಿಯನ್ನು ಆಫೀಸಿನ ಯಂತ್ರ ಗುರುತು ಹಿಡಿದಿದೆ. ಎಲ್‌ಒಎಸ್ ಕೆಂಪಗೆ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ. ಆಗ ಪಾಸ್‌ವರ್ಡ್ ಬದಲಿಸಿದರೂ, ರೂಟರ್ ರೀಸೆಟ್ ಮಾಡಿದರೂ, ಹೊಸ ರೂಟರ್ ತಂದರೂ ಪ್ರಯೋಜನವಿಲ್ಲ. ಪಿಒಎನ್ ಮಿನುಗುತ್ತಲೇ ಇದ್ದರೆ ಬೆಳಕು ಅಷ್ಟಿಷ್ಟು ಬರುತ್ತಿದೆ, ಆದರೆ ಡಬ್ಬಿ ಇನ್ನೂ ನೋಂದಣಿ ಆಗಿಲ್ಲ. ಬೆಳಕು ತೀರಾ ಮಂಕಾಗಿದ್ದರೂ ಹೀಗಾಗುತ್ತದೆ, ಹೊಸ ಡಬ್ಬಿ ಕೊಟ್ಟು ಅದರ ಸೀರಿಯಲ್ ನಂಬರನ್ನು ಆಫೀಸಿನಲ್ಲಿ ಸೇರಿಸುವುದನ್ನು ಮರೆತಿದ್ದರೂ ಹೀಗೇ ಆಗುತ್ತದೆ.

ಕೆಂಪು ಲೈಟ್ ಬಂದಾಗ ಮನೆಯೊಳಗೆ ನಾವು ನೋಡಬಹುದಾದದ್ದು ಒಂದೇ: ಗೋಡೆಯಿಂದ ಡಬ್ಬಿಯವರೆಗಿನ ತೆಳ್ಳನೆಯ ಎಳೆ. ಅದರೊಳಗಿನ ಗಾಜು ಹೊದಿಕೆ ಸೇರಿ 125 ಮೈಕ್ರಾನ್, ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಬೆಳಕು ಓಡುವ ತಿರುಳು ಅದರಲ್ಲೂ ಸುಮಾರು 9 ಮೈಕ್ರಾನ್ ಮಾತ್ರ. ಎಳೆ ಮುರಿಯಲೇಬೇಕೆಂದಿಲ್ಲ. ಗಟ್ಟಿಯಾಗಿ ಮಡಿಸಿದರೂ ಬೆಳಕು ಬಾಗಿದ ಜಾಗದಲ್ಲಿ ಹೊರಗೆ ಸೋರಿಹೋಗುತ್ತದೆ.

ನಮ್ಮ ಮನೆಯಲ್ಲೇ ಆದದ್ದನ್ನು ಹೇಳುತ್ತೇನೆ. ಚೌತಿಗೆ ಮೊದಲು ಮನೆ ಸಾರಿಸಿ ಗುಡಿಸಿ, ಕಪಾಟನ್ನು ಎಳೆದು, ತಿರುಗಿ ಗೋಡೆಗೆ ತಳ್ಳಿದ್ದೆವು. ಅವತ್ತು ರಾತ್ರಿಯಿಂದ ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಓಎನ್‌ಯುವಿನ ಪುಟ ತೆರೆದು ನೋಡಿದೆ (ತೆರೆಯುವ ಬಗೆ ಮುಂದೆ ಹೇಳುತ್ತೇನೆ). ಆಪ್ಟಿಕಲ್ ಎಂಬಲ್ಲಿ ಆರ್‌ಎಕ್ಸ್ ಪವರ್ ಎಂದು ಒಂದು ಸಂಖ್ಯೆ ಇರುತ್ತದೆ, ಯಾವಾಗಲೂ ಮೈನಸ್ಸಿನಲ್ಲಿ; ಡಬ್ಬಿಗೆ ಬಂದು ತಲುಪುವ ಬೆಳಕಿನ ಅಳತೆ ಅದು, ಡಿಬಿಎಂ ಅದರ ಮಾನ. ನಮ್ಮದು ಮಾಮೂಲಿಗೆ −21 ಡಿಬಿಎಂ, ಅವತ್ತು −28 ತೋರಿಸುತ್ತಿತ್ತು. ಏಳೇ ಅಂಕಿ ಎಂದು ಕಾಣುತ್ತದೆ, ಆದರೆ ಈ ಲೆಕ್ಕದಲ್ಲಿ ಮೂರು ಅಂಕಿ ಇಳಿದರೆ ಬೆಳಕು ಅರ್ಧವಾಗುತ್ತದೆ, ಏಳು ಇಳಿದರೆ ಐದರಲ್ಲಿ ಒಂದು ಪಾಲು ಉಳಿಯುತ್ತದೆ. ಮನೆಗಳಿಗೆ ಕೊಡುವ ಜಿಪಿಒಎನ್ ಎಂಬ ಬಗೆಯ ಫೈಬರ್ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಕಾಣುವ ಬಿ ಪ್ಲಸ್ ದರ್ಜೆಯವು −27ರವರೆಗಿನ ಮಂಕು ಬೆಳಕನ್ನು ಓದಬಲ್ಲವು, ಅದರ ಕೆಳಗೆ ಖಾತ್ರಿಯಿಲ್ಲ. ಕಪಾಟಿನ ಹಿಂದೆ ಟಾರ್ಚ್ ಬಿಟ್ಟು ನೋಡಿದರೆ, ಹಳದಿ ಎಳೆ ಕಪಾಟಿನ ಮೂಲೆಗೂ ಗೋಡೆಗೂ ನಡುವೆ ಸಿಕ್ಕಿ ಪೆನ್ನಿನ ಕ್ಲಿಪ್ಪಿನ ಹಾಗೆ ಮಡಿಚಿಕೊಂಡಿತ್ತು. ಕಪಾಟು ಎರಡು ಬೆರಳು ಮುಂದಕ್ಕೆ ಬಂತು, ಎಳೆ ತನ್ನಷ್ಟಕ್ಕೆ ದುಂಡಾಯಿತು, ಪುಟ ರಿಫ್ರೆಶ್ ಮಾಡಿದರೆ −21.3. ಅಂದಿನಿಂದ ಆ ಎಳೆಗೆ ತೆಂಗಿನಕಾಯಿಯಷ್ಟು ದೊಡ್ಡ ಸುತ್ತು ಕೊಟ್ಟು ಮೊಳೆಗೆ ತೂಗುಹಾಕಿದ್ದೇವೆ.

ಎಚ್ಚರಿಕೆ ಎರಡಿವೆ. ಫೈಬರ್ ಪಿನ್ನನ್ನು ಬಿಚ್ಚಿ ತುದಿಯನ್ನು ಕಣ್ಣಿನ ನೇರಕ್ಕೆ ಹಿಡಿದು "ಬೆಳಕು ಬರ್ತಿದೆಯಾ" ಎಂದು ನೋಡಬೇಡಿ. ಅದರಲ್ಲಿ ಬರುವುದು 1490 ನ್ಯಾನೋಮೀಟರಿನ ಲೇಸರ್. ಕಣ್ಣಿಗೆ ಕಾಣುವಂಥದ್ದಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ. ಇನ್ನೊಂದು, ಆ ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ಸೆರಗಿನಿಂದ ಒರೆಸಬೇಡಿ. 9 ಮೈಕ್ರಾನಿನ ಕಿಂಡಿಗೆ ಬೆರಳಿನ ಜಿಡ್ಡೇ ಸಾಕಷ್ಟು ದೊಡ್ಡ ತಡೆ. ಬಿಚ್ಚಲೇಬೇಕಾಗಿಲ್ಲದಿದ್ದರೆ ಬಿಚ್ಚಬೇಡಿ.

ಮನೆಯೊಳಗೆ ಮಡಿಕೆಯಿಲ್ಲ, ಆದರೂ ಕೆಂಪು ಲೈಟ್ ಎಂದಾದರೆ ತಪ್ಪು ಹೊರಗಿದೆ. ಇಲಿ ಅಥವಾ ಅಳಿಲು ಕಡಿದಿರುತ್ತದೆ, ಮಂಗ ಜೋತುಬಿದ್ದಿರುತ್ತದೆ, ಅಡಿಕೆ ಸೋಗೆ ಬಿದ್ದಿರುತ್ತದೆ. ಪಕ್ಕದ ಮನೆಯಲ್ಲಿ ಕೇಳಿ. ಸಾಮಾನ್ಯವಾಗಿ ಒಂದು ಎಳೆಯನ್ನು 32 ಅಥವಾ 64 ಮನೆಗಳಿಗೆ ಹಂಚಿರುತ್ತಾರೆ. ಎಲ್ಲರಿಗೂ ಹೋಗಿದ್ದರೆ ಮುಖ್ಯ ಲೈನು, ನಿಮಗೊಬ್ಬರಿಗೇ ಹೋಗಿದ್ದರೆ ಕಂಬದಿಂದ ನಿಮ್ಮ ಮನೆಗೆ ಬರುವ ಎಳೆ. ಈ ಒಂದು ಮಾತು ಲೈನ್‌ಮ್ಯಾನ್‌ಗೆ ಅರ್ಧ ದಿನದ ಅಲೆದಾಟ ತಪ್ಪಿಸುತ್ತದೆ.

ಆರಿಸಿ ಹೊತ್ತಿಸುವುದು, ಸರಿಯಾದ ಕ್ರಮದಲ್ಲಿ

ರೀಸ್ಟಾರ್ಟ್ ಮಾಡಿ ನೋಡುವುದರಲ್ಲಿ ತಪ್ಪೇನಿಲ್ಲ, ಆದರೆ ಲೈಟ್ ನೋಡಿದ ಮೇಲೆ. ಮೊದಲೇ ಆರಿಸಿದರೆ ಸಾಕ್ಷಿ ಅಳಿಸಿದ ಹಾಗೆ.

ಓಎನ್‌ಯು ಮತ್ತು ರೂಟರ್ ಬೇರೆ ಬೇರೆ ಇದ್ದರೆ ಎರಡನ್ನೂ ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ. ಒಂದು ನಿಮಿಷ ಬಿಡಿ. ಮೊದಲು ಓಎನ್‌ಯು ಹಾಕಿ, ಪಿಒಎನ್ ಲೈಟ್ ಮಿನುಗುವುದು ನಿಂತು ಗಟ್ಟಿಯಾಗುವವರೆಗೆ ಕಾಯಿರಿ. ಎರಡು ಮೂರು ನಿಮಿಷ ಹಿಡಿಯಬಹುದು. ಅದಾದ ಮೇಲೆ ರೂಟರ್. ಎರಡನ್ನೂ ಒಟ್ಟಿಗೆ ಹಾಕಿದರೆ ಕೆಲವು ರೂಟರುಗಳು ಓಎನ್‌ಯು ಏಳುವ ಮೊದಲೇ ಹೊರಗಿನ ವಿಳಾಸ ಕೇಳಿ, ಉತ್ತರ ಸಿಗದೆ ಸುಮ್ಮನೆ ಕೂತುಬಿಡುತ್ತವೆ.

ಕರೆಂಟ್ ಹೋಗಿ ಬಂದ ಮೇಲೆ ನೆಟ್ ಬಾರದಿದ್ದರೆ ಹತ್ತು ಹದಿನೈದು ನಿಮಿಷ ತಾಳಿ. ನಿಮ್ಮ ರೂಟರ್ ಹಠಾತ್ತನೆ ಆರಿದ್ದು ಆಫೀಸಿನ ಸರ್ವರಿಗೆ ಗೊತ್ತಾಗಿರುವುದಿಲ್ಲ. ಹಳೆಯ ಲಾಗಿನ್ ಇನ್ನೂ ನಡೆಯುತ್ತಿದೆ ಎಂದು ಅದು ನಂಬಿರುತ್ತದೆ, ಹೊಸದನ್ನು ಒಳಗೆ ಬಿಡುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನೇ ಬಿಡುತ್ತದೆ. ಕರೆಂಟ್ ಇಲ್ಲದಾಗಲೂ ನೆಟ್ ಬೇಕೆನ್ನುವವರು ಇನ್ವರ್ಟರ್ ಲೈನಿಗೆ ಬರೀ ರೂಟರನ್ನು ಹಾಕಿ ಓಎನ್‌ಯುವನ್ನು ಮರೆಯುವುದುಂಟು. ಆಗ ವೈಫೈ ಇರುತ್ತದೆ, ನೆಟ್ ಇರುವುದಿಲ್ಲ. ಕಂಬದ ಸ್ಪ್ಲಿಟರಿಗೆ ಕರೆಂಟ್ ಬೇಡ, ಅದು ಗಾಜಿನ ಕವಲು ಅಷ್ಟೇ. ನಿಮ್ಮ ಓಎನ್‌ಯುವಿಗೆ ಬೇಕು, ಆಫೀಸಿನ ಓಎಲ್‌ಟಿಗೆ ಬೇಕು.

ಪಿನ್ ಹಾಕುವ ತೂತಿನ ರೀಸೆಟ್ ಬೇರೆಯೇ ಸಂಗತಿ, ಅದು ರೀಸ್ಟಾರ್ಟ್ ಅಲ್ಲ. ಯೂಸರ್‌ನೇಮ್, ಪಾಸ್‌ವರ್ಡ್ ಬರೆದಿಟ್ಟುಕೊಂಡಿಲ್ಲದಿದ್ದರೆ, ಕೇಬಲ್‌ನವರೇ ಫೋನಿನಲ್ಲಿ "ಒತ್ತಿ" ಎನ್ನುವವರೆಗೆ ಆ ತೂತನ್ನು ಮುಟ್ಟಬೇಡಿ. ಇದನ್ನು ಕೈಮುಗಿದು ಹೇಳುತ್ತೇನೆ.

ರೂಟರಿನ ಪುಟದಲ್ಲಿ ನೋಡಬೇಕಾದ ಒಂದು ಸಾಲು

ಪಿಒಎನ್ ಹಸಿರು, ಆದರೂ ನೆಟ್ ಇಲ್ಲ. ಆಗ ಬ್ರೌಸರಿನಲ್ಲಿ 192.168.1.1 ಎಂದು ಹಾಕಿ, ಬಾರದಿದ್ದರೆ 192.168.0.1. ಸರಿಯಾದ ವಿಳಾಸ ಡಬ್ಬಿಯ ತಳದ ಚೀಟಿಯಲ್ಲಿರುತ್ತದೆ, ಫೋನಿನ ವೈಫೈ ವಿವರದಲ್ಲಿ ಗೇಟ್‌ವೇ ಎಂಬ ಹೆಸರಿನಲ್ಲೂ ಇರುತ್ತದೆ. ಈ ಪುಟ ಮನೆಯೊಳಗೇ ಇರುವಂಥದ್ದು, ನೆಟ್ ಇಲ್ಲದಿದ್ದರೂ ತೆರೆಯುತ್ತದೆ. ಪುಟವೇ ತೆರೆಯಲಿಲ್ಲವೆಂದರೆ ಅದೂ ಒಂದು ಸುಳಿವು: ತೊಂದರೆ ನಿಮಗೂ ರೂಟರಿಗೂ ನಡುವೆಯೇ ಇದೆ.

ಲಾಗಿನ್ ಆಗಿ ಸ್ಟೇಟಸ್ ಎಂಬಲ್ಲಿ ಹೊರಗಿನ ಸಂಪರ್ಕವನ್ನು ತೋರಿಸುವ ಡಬ್ಲ್ಯುಎಎನ್ (WAN) ಸಾಲನ್ನು ನೋಡಿ. ಅಲ್ಲಿ 0.0.0.0 ಅಥವಾ ಡಿಸ್‌ಕನೆಕ್ಟೆಡ್ ಎಂದಿದ್ದರೆ ಬೆಳಕು ಬಂದಿದೆ, ಆದರೆ ಲಾಗಿನ್ ಆಗಿಲ್ಲ. ಪಿಪಿಪಿಒಇ ಎಂಬ ಪದ್ಧತಿಯಲ್ಲಿ ಪ್ರತಿ ಮನೆಗೂ ಒಂದು ಯೂಸರ್‌ನೇಮ್ ಇರುತ್ತದೆ. ರೂಟರು ಅದನ್ನು ಹೇಳಿ ಒಳಗೆ ಹೋಗಬೇಕು. ಒಳಗೆ ಬಿಡದಿರಲು ಎಲ್ಲಕ್ಕಿಂತ ಸಾಮಾನ್ಯ ಕಾರಣ ರೀಚಾರ್ಜ್ ಮುಗಿದಿರುವುದು. ತಿಂಗಳ ಕೊನೆಗೆ ಅಲ್ಲ, ಹಾಕಿಸಿದ ದಿನದಿಂದ 28 ಅಥವಾ 30 ದಿನಕ್ಕೆ ಮುಗಿಯುವ ಪ್ಲಾನುಗಳಿವೆ. ತಾರೀಖು ತಿಂಗಳಿಂದ ತಿಂಗಳಿಗೆ ಹಿಂದೆ ಸರಿಯುತ್ತಾ ಹೋಗುತ್ತದೆ, ಗೊತ್ತಾಗುವುದಿಲ್ಲ. ಕೆಲವು ಕಡೆ ಪ್ಲಾನ್ ಮುಗಿದಾಗ ಯಾವ ತಾಣ ತೆರೆದರೂ ದುಡ್ಡು ಕಟ್ಟುವ ಪುಟವೇ ಬರುವಂತೆ ಮಾಡಿರುತ್ತಾರೆ. ಆದರೆ ಈಗಿನ ತಾಣಗಳೆಲ್ಲ ಬೀಗದ ಗುರುತಿನವು, ಆ ತಿರುಗಿಸುವಿಕೆಯನ್ನು ಬ್ರೌಸರ್ ಒಪ್ಪುವುದಿಲ್ಲ. ಹಾಗಾಗಿ ನಿಮಗೆ ಕಾಣುವುದು ಬರೀ ಭದ್ರತೆಯ ಎಚ್ಚರಿಕೆ.

ಎರಡನೇ ಕಾರಣ ಹೊಸ ರೂಟರ್. ಕೆಲವು ಕೇಬಲ್‌ನವರು ಹಳೆಯ ರೂಟರಿನ ಮ್ಯಾಕ್ ವಿಳಾಸವನ್ನು (ಪ್ರತಿ ಸಾಧನಕ್ಕೂ ಇರುವ ಗುರುತಿನ ಸಂಖ್ಯೆ) ನಿಮ್ಮ ಹೆಸರಿಗೆ ಕಟ್ಟಿಹಾಕಿರುತ್ತಾರೆ. ಹೊಸದು ತಂದು ಯೂಸರ್‌ನೇಮ್ ಸರಿಯಾಗಿ ಹಾಕಿದರೂ ಒಳಗೆ ಬಿಡುವುದಿಲ್ಲ. ಫೋನ್ ಮಾಡಿ "ಮ್ಯಾಕ್ ಬೈಂಡಿಂಗ್ ತೆಗೆಯಿರಿ" ಎಂದರೆ ಕೆಲಸವಾಗುತ್ತದೆ.

ಆ ಸಾಲಿನಲ್ಲಿ ಒಂದು ವಿಳಾಸ ಇದೆ ಎಂದಾದರೆ ಲಾಗಿನ್ ಆಗಿದೆ. 100.64ರಿಂದ 100.127ರ ನಡುವಿನ ಸಂಖ್ಯೆ ಕಂಡು ಕೆಲವರು ತಲೆಕೆಡಿಸಿಕೊಳ್ಳುತ್ತಾರೆ. ಅದು ತಪ್ಪಲ್ಲ, ವಿಳಾಸಗಳ ಕೊರತೆಯಿಂದ ಹಲವು ಮನೆಗಳಿಗೆ ಒಂದೇ ಹೊರವಿಳಾಸವನ್ನು ಹಂಚುವಾಗ ಬಳಸಲೆಂದು 2012ರಲ್ಲಿ ಕಾಯ್ದಿರಿಸಿದ ಸಾಲು ಅದು.

ಮೂರು ಪಿಂಗ್

ಲ್ಯಾಪ್‌ಟಾಪ್ ಇದ್ದರೆ ದಾರಿ ಎಲ್ಲಿ ಕಡಿದಿದೆ ಎಂದು ಮೂರು ಸಾಲಿನಲ್ಲಿ ಗೊತ್ತಾಗುತ್ತದೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ (ping, ಅತ್ತ ಕಡೆಯಿಂದ ಉತ್ತರ ಬರುತ್ತದೆಯೇ ಎಂದು ನೋಡುವ ಆಜ್ಞೆ) ಎಂದು ಬರೆದು, ಜಾಗ ಬಿಟ್ಟು, ಮೊದಲು ರೂಟರಿನ ವಿಳಾಸ 192.168.1.1. ಎರಡನೆಯದು ಹೊರಗಿರುವ ಗೂಗಲ್‌ನ ಒಂದು ವಿಳಾಸ 8.8.8.8. ಮೂರನೆಯದು ಗೂಗಲ್ ತಾಣದ ಹೆಸರು.

ಮೊದಲನೆಯದಕ್ಕೇ ಉತ್ತರವಿಲ್ಲದಿದ್ದರೆ ತೊಂದರೆ ವೈಫೈಯಲ್ಲಿದೆ. ಮೊದಲನೆಯದಕ್ಕೆ ಬಂದು ಎರಡನೆಯದಕ್ಕೆ "ಟೈಮ್ಡ್ ಔಟ್" ಎಂದರೆ ರೂಟರಿನಿಂದ ಆಚೆ. ಎರಡಕ್ಕೂ ಬಂದು ಮೂರನೆಯದಕ್ಕೆ "ಹೋಸ್ಟ್ ಸಿಗಲಿಲ್ಲ" ಎಂಬ ಅರ್ಥದ ಸಾಲು ಬಂದರೆ, ನಿಮ್ಮ ನೆಟ್ ಗಟ್ಟಿಮುಟ್ಟಾಗಿದೆ, ಹೆಸರು ಹೇಳಿದರೆ ವಿಳಾಸ ತಿಳಿಸುವ ಡಿಎನ್‌ಎಸ್ ಮಾತ್ರ ಮಲಗಿದೆ. ಪೋಸ್ಟ್‌ಮ್ಯಾನ್ ಇದ್ದಾನೆ, ರಸ್ತೆಯೂ ಇದೆ, ಮನೆ ಎಲ್ಲಿ ಎಂದು ಹೇಳುವವರಿಲ್ಲ.

ಡಿಎನ್‌ಎಸ್ ತೊಂದರೆಗೆ ಒಂದು ಲಕ್ಷಣವಿದೆ: ಆಗಲೇ ತೆರೆದಿದ್ದ ವಾಟ್ಸಾಪ್‌ನಲ್ಲಿ ಸಂದೇಶ ಹೋಗುತ್ತಿರುತ್ತದೆ, ಬ್ರೌಸರಿನಲ್ಲಿ ಹೊಸ ತಾಣ ಯಾವುದೂ ತೆರೆಯುವುದಿಲ್ಲ. ಪರಿಹಾರ ಸುಲಭ. ರೂಟರಿನ ಡಿಎಚ್‌ಸಿಪಿ (ಮನೆಯ ಸಾಧನಗಳಿಗೆ ವಿಳಾಸ ಹಂಚುವ) ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಎಂಬ ಎರಡು ಜಾಗಗಳಿರುತ್ತವೆ, ಒಂದಕ್ಕೆ 8.8.8.8, ಇನ್ನೊಂದಕ್ಕೆ 1.1.1.1 ಹಾಕಿ. ಮೊದಲನೆಯದು ಗೂಗಲ್‌ನವರು 2009ರಿಂದ, ಎರಡನೆಯದು ಕ್ಲೌಡ್‌ಫ್ಲೇರ್‌ನವರು 2018ರಿಂದ ಎಲ್ಲರಿಗೂ ಉಚಿತವಾಗಿ ನಡೆಸುತ್ತಿರುವವು. ಬೇರೆ ಬೇರೆ ಕಂಪನಿಯವನ್ನು ಹಾಕಿದರೆ ಒಂದು ಮಲಗಿದಾಗ ಇನ್ನೊಂದು ಇರುತ್ತದೆ. ಬದಲಿಸಿದ ಮೇಲೆ ಫೋನಿನ ವೈಫೈ ಆರಿಸಿ ಹಾಕಿ, ಹೊಸ ವಿಳಾಸ ಆಗಲೇ ಅದಕ್ಕೆ ತಲುಪುವುದು.

ಒಂದೇ ಫೋನಿಗೆ, ಒಂದೇ ಲ್ಯಾಪ್‌ಟಾಪಿಗೆ ಬಾರದಿದ್ದರೆ

ವೈಫೈ ವಿವರದಲ್ಲಿ ನಿಮ್ಮ ಐಪಿ ವಿಳಾಸ (ರೂಟರು ಆ ಸಾಧನಕ್ಕೆ ಕೊಟ್ಟ ಸಂಖ್ಯೆ) ನೋಡಿ. ಲ್ಯಾಪ್‌ಟಾಪಿನಲ್ಲಿ 169.254ರಿಂದ ಶುರುವಾಗಿದ್ದರೆ, ರೂಟರು ವಿಳಾಸ ಕೊಡಲಿಲ್ಲ, ಲ್ಯಾಪ್‌ಟಾಪು ತನಗೆ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಆ ನೆಟ್‌ವರ್ಕನ್ನು ಫರ್ಗೆಟ್ ಮಾಡಿ, ಪಾಸ್‌ವರ್ಡ್ ಹಾಕಿ ಮತ್ತೆ ಸೇರಿ. ಹಿಂದೆಂದೋ ಯಾರೋ ಐಪಿಯನ್ನು ಕೈಯಾರೆ ಬರೆದಿಟ್ಟಿದ್ದರೆ ಅದನ್ನು ಆಟೋಮ್ಯಾಟಿಕ್ ಮಾಡಿ.

ಆಂಡ್ರಾಯ್ಡ್ 9ರಿಂದ ಈಚಿನ ಫೋನುಗಳಲ್ಲಿ ಪ್ರೈವೇಟ್ ಡಿಎನ್‌ಎಸ್ ಎಂಬ ಸೆಟ್ಟಿಂಗ್ ಇದೆ. ಜಾಹೀರಾತು ತಡೆಯಲೆಂದು ಅಲ್ಲಿ ಏನೋ ಹೆಸರು ಹಾಕಿ ಮರೆತಿರುತ್ತೇವೆ. ಆ ಸೇವೆ ನಿಂತ ದಿನ ನಮ್ಮ ಫೋನಿಗೆ ಮಾತ್ರ ನೆಟ್ ಇಲ್ಲ. ಆಟೋಮ್ಯಾಟಿಕ್‌ಗೆ ಹಾಕಿ ನೋಡಿ. ವಿಪಿಎನ್ ಆ್ಯಪ್ ಇದ್ದರೆ ಆರಿಸಿ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಪ್ರಾಕ್ಸಿ, ಅಂದರೆ ನಡುವಿನ ಇನ್ನೊಂದು ಯಂತ್ರದ ಮೂಲಕವೇ ನೆಟ್‌ಗೆ ಹೋಗುವ ಸೆಟ್ಟಿಂಗ್, ಹಾಗೇ ಉಳಿದಿರಬಹುದು.

ತಾರೀಖನ್ನೂ ನೋಡಿ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಲ್ಯಾಪ್‌ಟಾಪಿನ ಒಳಗಿನ ಗುಂಡಿ ಸೆಲ್ ಸತ್ತರೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ತಾಣಗಳ ಭದ್ರತಾ ಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಲ್ಯಾಪ್‌ಟಾಪಿನ ಲೆಕ್ಕದಲ್ಲಿ ಆ ದಿನ ಇನ್ನೂ ಬಂದೇ ಇಲ್ಲ. ಹಾಗಾಗಿ ಯಾವುದೂ ತೆರೆಯುವುದಿಲ್ಲ. ತಾರೀಖು ಸರಿಪಡಿಸಿದರೆ ಆ ಕ್ಷಣಕ್ಕೆ ಎಲ್ಲ ಬರುತ್ತದೆ.

ಮ್ಯಾಕ್ ವಿಳಾಸದ ಪಟ್ಟಿ ಮಾಡಿ ಗುರುತಿನ ಫೋನುಗಳನ್ನು ಮಾತ್ರ ಒಳಬಿಡುವ ರೂಟರ್ ನಿಮ್ಮದಾದರೆ, ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಫೋನುಗಳು ತಮ್ಮ ನಿಜವಾದ ಮ್ಯಾಕ್ ಬದಲು ಸಾಮಾನ್ಯವಾಗಿ ಆ ವೈಫೈಗೆಂದೇ ಹುಟ್ಟಿಸಿಕೊಂಡ ಬೇರೊಂದನ್ನು ಹೇಳುತ್ತವೆ ಎಂಬುದು ನೆನಪಿರಲಿ.

ಎರಡು ರೂಟರ್ ಇರುವ ಮನೆ

ಇದನ್ನು ಹುಡುಕುವುದು ಕಷ್ಟ, ಅದಕ್ಕೇ ಬೇರೆಯಾಗಿ ಹೇಳುತ್ತಿದ್ದೇನೆ. ಚಿರೇಕಲ್ಲಿನ ದಪ್ಪ ಗೋಡೆಯ ಮನೆಗಳಲ್ಲಿ ಒಂದು ರೂಟರಿನ ಸಿಗ್ನಲ್ ಮೆತ್ತಿಗೆ ತಲುಪುವುದಿಲ್ಲವೆಂದು ಹಳೆಯದೊಂದನ್ನು ಮೇಲೆ ಇಟ್ಟು ಕೇಬಲ್ ಎಳೆಯುತ್ತೇವೆ. ಕೇಬಲನ್ನು ಎರಡೂ ಕಡೆ ಎಲ್‌ಎಎನ್ (LAN, ಮನೆಯೊಳಗಿನ ಸಾಧನಗಳಿಗೆಂದು ಇರುವ) ಕಿಂಡಿಗೆ ಚುಚ್ಚಿದರೆ ಈಗ ಮನೆಯಲ್ಲಿ ವಿಳಾಸ ಹಂಚುವವರು ಇಬ್ಬರು, ಇಬ್ಬರ ಹೆಸರೂ 192.168.1.1. ಯಾವ ಫೋನು ಯಾರ ಕೈಗೆ ಸಿಗುತ್ತದೆ ಎಂಬುದರ ಮೇಲೆ ನೆಟ್ ಬರುತ್ತದೆ ಅಥವಾ ಇಲ್ಲ. ಬೆಳಿಗ್ಗೆ ಅಪ್ಪನ ಫೋನಿಗೆ ಇರುತ್ತದೆ, ಮಧ್ಯಾಹ್ನ ಅದೇ ಫೋನಿಗೆ ಇರುವುದಿಲ್ಲ. ಲೈನ್‌ಮ್ಯಾನ್ ಬಂದಾಗ ಎಲ್ಲ ಸರಿಯಿರುತ್ತದೆ, ಅವನು ಗೇಟು ದಾಟಿದ ಮೇಲೆ ಹೋಗುತ್ತದೆ.

ಮೇಲಿನ ರೂಟರಿನ ಕೇಬಲ್ ಬಿಚ್ಚಿ, ಲ್ಯಾಪ್‌ಟಾಪಿನಿಂದ ಅದರ ಪುಟಕ್ಕೆ ಹೋಗಿ ವಿಳಾಸವನ್ನು 192.168.1.2 ಮಾಡಿ, ಡಿಎಚ್‌ಸಿಪಿ ಆಫ್ ಮಾಡಿ, ಆಮೇಲೆ ಕೇಬಲ್ ಹಾಕಿ. ಆಕ್ಸೆಸ್ ಪಾಯಿಂಟ್ ಮೋಡ್ ಎಂಬ ಆಯ್ಕೆ ಇದ್ದರೆ ಅದನ್ನೇ ಒತ್ತಿದರೆ ಈ ಕೆಲಸವನ್ನು ಅದೇ ಮಾಡಿಕೊಳ್ಳುತ್ತದೆ. ಕೆಳಗಿನ ರೂಟರು ಹಂಚುವ ವಿಳಾಸಗಳು 192.168.1.2ರಿಂದಲೇ ಶುರುವಾಗುತ್ತಿದ್ದರೆ, ಅಲ್ಲಿ ಶುರುವನ್ನು 10ಕ್ಕೆ ಸರಿಸಿ.

ದೂರದ ಕೋಣೆಯಲ್ಲಿ ಎರಡು ಗೀಟು ಸಿಗ್ನಲ್ ಇದ್ದೂ ನೆಟ್ ಇಲ್ಲವೆನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ರೂಟರಿನ ದನಿ ಜೋರು, ಫೋನಿನ ದನಿ ಸಣ್ಣದು. ರೂಟರು ಕೂಗಿದ್ದು ಫೋನಿಗೆ ಕೇಳುತ್ತದೆ, ಫೋನು ಹೇಳಿದ್ದು ಅದಕ್ಕೆ ಕೇಳುವುದಿಲ್ಲ. ಡಬ್ಬಿಯ ಹತ್ತಿರ ಬಂದಾಗ ಸರಿಹೋದರೆ ಇದೇ ಎಂದು ತಿಳಿಯಿರಿ. 5 ಗಿಗಾಹರ್ಟ್ಸ್ ಬಿಟ್ಟು 2.4ರ ಹೆಸರಿಗೆ ಸೇರಿದರೆ ಗೋಡೆ ದಾಟುವುದು ಸುಲಭ.

ಕೇಬಲ್‌ನವರಿಗೆ ಫೋನ್ ಮಾಡುವಾಗ

"ನೆಟ್ ಬರ್ತಿಲ್ಲ" ಎಂದರೆ ಅವರು "ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಹೀಗೆ ಹೇಳಿ ನೋಡಿ: "ಅಣ್ಣಾ, ಬೆಳಿಗ್ಗೆ ಏಳರಿಂದ ಎಲ್‌ಒಎಸ್ ಕೆಂಪಗೆ ಮಿನುಗ್ತಿದೆ. ಮನೆ ಒಳಗಿನ ವೈರ್ ಎಲ್ಲೂ ಮಡಿಚಿಲ್ಲ. ಪಕ್ಕದ ಮನೆಗೆ ಬರ್ತಿದೆ, ನಮಗೆ ಮಾತ್ರ ಇಲ್ಲ." ಇಷ್ಟು ಕೇಳಿದರೆ ಅವರು ಏಣಿ ಮತ್ತು ಫೈಬರ್ ಜೋಡಿಸುವ ಮಿಷನ್ ಹೊತ್ತೇ ಬರುತ್ತಾರೆ. ಲೈಟ್ ಸರಿಯಿದ್ದು ಲಾಗಿನ್ ಆಗುತ್ತಿಲ್ಲವಾದರೆ ಅದನ್ನೇ ಹೇಳಿ. ಆಫೀಸಿನಲ್ಲಿ ಕೂತೇ ಸರಿಮಾಡುವ ಕೆಲಸ ಅದು, ಯಾರೂ ಮಳೆಯಲ್ಲಿ ಕಂಬ ಹತ್ತಬೇಕಾಗಿಲ್ಲ. ದೂರಿನ ನಂಬರ್ ಕೇಳಿ ಬರೆದುಕೊಳ್ಳಿ.

ಮತ್ತೆ, ನೆಟ್ ಚೆನ್ನಾಗಿರುವ ದಿನವೇ ಒಂದು ಹಾಳೆಯಲ್ಲಿ ಇವಿಷ್ಟನ್ನು ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿ: ಯೂಸರ್‌ನೇಮ್, ಪಾಸ್‌ವರ್ಡ್, ವಿಎಲ್ಎಎನ್ ನಂಬರ್, ರೂಟರ್ ಪುಟದ ವಿಳಾಸ ಮತ್ತು ಪಾಸ್‌ವರ್ಡ್, ರೀಚಾರ್ಜ್ ಮುಗಿಯುವ ತಾರೀಖು, ಆರ್‌ಎಕ್ಸ್ ಪವರ್. ಎಲ್ಲ ಲೈಟ್ ಸರಿಯಿರುವಾಗ ಡಬ್ಬಿಯ ಒಂದು ಫೋಟೋ ತೆಗೆದಿಡಿ, ಮುಂದೆ ಯಾವುದು ಆರಿದೆ ಎಂದು ಹೋಲಿಸಲು ಬೇಕಾಗುತ್ತದೆ. ಅತ್ತಿಗೆಯ ಮನೆಯಲ್ಲಿ ಆ ಹಾಳೆಯನ್ನು ಮಗಳೇ ಬರೆದು ಅಂಟಿಸಿದ್ದಾಳೆ. ಕೊನೆಯ ಸಾಲು −20.6.